ಮೊದಲು ಸಾಯುವ ಪೆಟ್ಟಿಗೆ

ಕೇಳುಗರಿಗೆ ನಮಸ್ಕಾರ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ತೋಟಕ್ಕೆ ಸೆನ್ಸರ್ ಕೂರಿಸುವ ಯೋಚನೆ ಇರುವವರಿಗೆ ನನ್ನದು ಒಂದೇ ಮಾತು: ಮೊದಲು ಬ್ಯಾಟರಿ ಮುಗಿಯುವ ಸೆನ್ಸರ್ ಪೆಟ್ಟಿಗೆ ಯಾವುದು, ಅದನ್ನು ನೋಡಿ.

ಕಣಿವೆಯ ಅಡಿಕೆ ತೋಟದಲ್ಲಿ 30 ಪೆಟ್ಟಿಗೆ ಇಟ್ಟಿದ್ದೀರಿ ಎನ್ನಿ. ಕೊಳೆರೋಗದ ಮುನ್ಸೂಚನೆಗಾಗಿ ತೇವ, ಉಷ್ಣತೆ ಅಳೆಯುತ್ತವೆ. ತೋಟದ ತುದಿಯ ಸುದ್ದಿ ಮನೆಗೆ ನೇರವಾಗಿ ಮುಟ್ಟುವುದಿಲ್ಲ. ಮಣ್ಣಿನ ಬುಟ್ಟಿ ಕೈಯಿಂದ ಕೈಗೆ ದಾಟಿದ ಹಾಗೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ದಾಟಬೇಕು. ಮನೆ ಪಕ್ಕ ಎರಡೇ ಇದ್ದರೆ ಉಳಿದ 28ರ ಹೊರೆಯೂ ಅವುಗಳ ಮೇಲೆ. ಅಳೆಯುವುದಕ್ಕಿಂತ ರೇಡಿಯೋಕ್ಕೇ ಬ್ಯಾಟರಿ ಹೆಚ್ಚು ಬೇಕು. ಆ ಎರಡು ಸತ್ತವೋ, ಇಡೀ ತೋಟ ಮೂಕ.

ಹೊರೆ ಹಂಚುವುದನ್ನು ಇರುವೆಗಳಿಂದ ಕಲಿಯಬೇಕು. 1989ರಲ್ಲಿ ಪ್ರಕಟವಾದ ಬ್ರಸೆಲ್ಸ್‌ನ ಪ್ರಯೋಗ ಕೇಳಿ. ಗೂಡಿಗೂ ಆಹಾರಕ್ಕೂ ನಡುವೆ ಎರಡು ಸೇತುವೆ, ಒಂದು ಗಿಡ್ಡ, ಒಂದು ಉದ್ದ. ಮೊದಮೊದಲು ಇರುವೆಗಳು ಎರಡರಲ್ಲೂ ಹೋದವು. ಗಿಡ್ಡ ದಾರಿಯವು ಬೇಗ ಮರಳಿದವು, ಇರುವೆ ನಡೆಯುತ್ತ ನೆಲಕ್ಕೆ ಬಿಡುವ ವಾಸನೆ ಅಲ್ಲಿ ಬೇಗ ದಟ್ಟವಾಯಿತು, ಅದನ್ನು ಹಿಡಿದು ಹೆಚ್ಚಿನವು ಅತ್ತಲೇ ತಿರುಗಿದವು. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ನಮಗೆ ಬೇಕಾದ್ದು ಮುಂದಿನದು. ಉದ್ದದ ಸೇತುವೆಯೊಂದನ್ನೇ ಮೊದಲು ಇಟ್ಟು, 30 ನಿಮಿಷ ಬಿಟ್ಟು ಗಿಡ್ಡದ್ದನ್ನು ಜೋಡಿಸಿದರು. ಹೆಚ್ಚಿನ ಇರುವೆಗಳು ಉದ್ದದ್ದನ್ನು ಬಿಡಲೇ ಇಲ್ಲ! ಹಳೇ ವಾಸನೆ ಆರಿರಲಿಲ್ಲ.

ಇರುವೆಗಳ ಈ ನಡೆಯನ್ನು ಇಟಲಿಯ ಸಂಶೋಧಕ ಮಾರ್ಕೊ ಡೊರಿಗೊ 1992ರ ಪಿಎಚ್‌ಡಿ ಪ್ರಬಂಧದಲ್ಲಿ, ದಾರಿ ಹುಡುಕುವ ಕಂಪ್ಯೂಟರ್ ಲೆಕ್ಕಕ್ಕೆ ಇಳಿಸಿದರು. ಅದರಲ್ಲಿ ವಾಸನೆ ಆರುವ ದರವನ್ನು ನಾವೇ ಇಡಬಹುದು. ಲೆಕ್ಕದ ಒಂದೊಂದು ಸುತ್ತಿನಲ್ಲೂ ನೂರಕ್ಕೆ 10 ಆರುವಂತೆ ಇಟ್ಟು ಶುರುಮಾಡಿ. ಸೊನ್ನೆ ಇಟ್ಟರೆ ಮೊದಲು ಸಿಕ್ಕ ದಾರಿಯಲ್ಲೇ ಸುದ್ದಿಯೆಲ್ಲ ಹೋಗಿ, ಆ ದಾರಿಯ ಪೆಟ್ಟಿಗೆ ಸಾಯುತ್ತದೆ. ದಾರಿಗೆ ಅಂಕ ಕೊಡುವಾಗ ದೂರವೊಂದೇ ಸಾಲದು, ಅದರಲ್ಲಿರುವ ಅತಿ ಸೊರಗಿದ ಬ್ಯಾಟರಿಯಲ್ಲಿ ಎಷ್ಟು ಉಳಿದಿದೆ ಎಂಬುದೂ ಸೇರಲಿ.

ಸಮಯ ಕಡಿಮೆ ಉಳಿಯಿತು. ಪೆಟ್ಟಿಗೆಗಳ ಜಾಗ ಆರಿಸಲು 1995ರಲ್ಲಿ ಸಂಶೋಧಕರಾದ ಕೆನಡಿ ಮತ್ತು ಎಬರ್‌ಹಾರ್ಟ್ ಕೊಟ್ಟ ಹಕ್ಕಿ ಹಿಂಡಿನ ವಿಧಾನವಿದೆ, ಇದೂ ಕಂಪ್ಯೂಟರ್ ಲೆಕ್ಕವೇ. 40 ಹಕ್ಕಿ ಸಾಕು. ಒಂದೊಂದು ಹಕ್ಕಿಯೂ ಇಡೀ ತೋಟದ ಒಂದು ನಕ್ಷೆ, ಪೆಟ್ಟಿಗೆಯ ಜಾಗಕ್ಕೆ ಎರಡು ಅಂಕಿಯಂತೆ 30 ಪೆಟ್ಟಿಗೆಗೆ 60 ಅಂಕಿ. ತಾನು ಕಂಡ ಒಳ್ಳೇ ನಕ್ಷೆಯ ಕಡೆಗೂ ಹಿಂಡು ಕಂಡ ಒಳ್ಳೇ ನಕ್ಷೆಯ ಕಡೆಗೂ ಹಕ್ಕಿ ಸರಿಯುತ್ತದೆ. ಹಳೇ ವೇಗಕ್ಕೆ 0.7ರ ತೂಕ, ತನ್ನ ನೆನಪಿನ ಸೆಳೆತಕ್ಕೂ ಹಿಂಡಿನ ಸೆಳೆತಕ್ಕೂ 1.5 ಇಡಿ. ಬೇರೆ ಬೇರೆ ಆರಂಭದಿಂದ 10 ಸಲ ಓಡಿಸಿ, ಒಮ್ಮೆಯ ಉತ್ತರ ಎಲ್ಲೋ ಸಿಕ್ಕಿಹಾಕಿಕೊಂಡದ್ದಿರಬಹುದು. ನಕ್ಷೆಗೆ ಅಂಕ ಕೊಡುವಾಗ ಸರಾಸರಿ ಬ್ಯಾಟರಿ ಹಾಕಬೇಡಿ, ದಯವಿಟ್ಟು. ಮೊದಲು ಸಾಯುವ ಪೆಟ್ಟಿಗೆಯ ಆಯುಸ್ಸನ್ನೇ ಹಾಕಿ.

ಸಿಗ್ನಲ್ಲನ್ನು ಏಪ್ರಿಲ್‌ನಲ್ಲಿ ಅಳೆದರೆ ಮೋಸ ಹೋಗುತ್ತೀರಿ. ಇಂಥ ಪೆಟ್ಟಿಗೆಗಳ ರೇಡಿಯೋ ಹಲವು ಕಡೆ ಬಳಸುವ 2.4 ಗಿಗಾಹರ್ಟ್ಸ್ ತರಂಗವನ್ನು ಒದ್ದೆ ಸೋಗೆ ಹೀರಿಬಿಡುತ್ತದೆ. ಆಷಾಢದ ಮಳೆಯಲ್ಲಿ, ನೀರು ಇಳಿಯುತ್ತಿರುವ ಮರಗಳ ನಡುವೆ ಅಳೆದ ಅಂಕಿಯನ್ನೇ ಲೆಕ್ಕಕ್ಕೆ ಕೊಡಿ. ನಮಸ್ಕಾರ.