ಯಾನೊಮಾಮಿ ಜನರು ಸತ್ತವರನ್ನು ಬೀಳ್ಕೊಡುವ ಬಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬ್ರೆಜಿಲ್ ದೇಶದ ಉತ್ತರದ ಅಂಚಿನಿಂದ ವೆನೆಜುವೆಲಾದ ದಕ್ಷಿಣದವರೆಗೆ ಹಬ್ಬಿರುವ ಅಮೆಜಾನಿನ ಮಳೆಕಾಡಿನಲ್ಲಿ ಯಾನೊಮಾಮಿ ಜನರು ಬಾಳುತ್ತಿದ್ದಾರೆ. ಬ್ರೆಜಿಲ್ ಸರ್ಕಾರವು 1992ರಲ್ಲಿ ಇವರದೆಂದು ಗುರುತಿಸಿಕೊಟ್ಟ ಪ್ರದೇಶವೇ ಸುಮಾರು 96,000 ಚದರ ಕಿಲೋಮೀಟರ್, ಎಂದರೆ ನಮ್ಮ ಕರ್ನಾಟಕದ ಅರ್ಧದಷ್ಟಿದೆ. ನಡುವೆ ಬಯಲು ಅಂಗಳವನ್ನು ಬಿಟ್ಟು ಸುತ್ತಲೂ ಚಾವಣಿ ಹೊದಿಸಿದ ದುಂಡನೆಯ ಒಂದೇ ಮನೆಯಲ್ಲಿ ಹಲವು ಕುಟುಂಬಗಳು ತಂತಮ್ಮ ಒಲೆಗಳೊಡನೆ ಕೂಡಿ ಬಾಳುತ್ತವೆ. ಬೇಟೆಗಾರನು ತಾನು ಕೊಂದ ಪ್ರಾಣಿಯ ಮಾಂಸವನ್ನು ತಾನು ತಿನ್ನದೆ ಇತರರಿಗೆ ಹಂಚುತ್ತಾನೆ. ಅವನ ಪಾಲಿಗೆ ಬರುವುದು ಬೇರೆಯವರು ಬೇಟೆಯಾಡಿ ತಂದದ್ದು.

ಇವರ ಬದುಕಿನಲ್ಲಿ ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ತಟ್ಟಿರುವುದು ಸತ್ತವರನ್ನು ಕಳಿಸಿಕೊಡುವ ರೀತಿ. ದೇಹವನ್ನು ಸುಟ್ಟ ಮೇಲೆ ಉಳಿದ ಮೂಳೆಗಳನ್ನು ಆಯ್ದು, ಕುಟ್ಟಿ ಪುಡಿಮಾಡಿ, ಸೋರೆಬುರುಡೆಯಲ್ಲಿ ಕಾಪಿಡುತ್ತಾರೆ. ಮುಂದೆ ರೆಯಾಹು ಎಂಬ ಹಬ್ಬಕ್ಕೆ ನೆರೆಯ ಊರುಗಳವರನ್ನು ಕರೆದು ಧಾರಾಳವಾಗಿ ಉಣಬಡಿಸಿ, ಆ ಬೂದಿಯನ್ನು ಬಾಳೆಹಣ್ಣಿನ ಗಂಜಿಯಲ್ಲಿ ಕಲಸಿ ಕುಡಿಯುತ್ತಾರೆ. ಕೆಲವೆಡೆ ಒಲೆಯ ಪಕ್ಕದ ನೆಲದಲ್ಲಿ ಹೂಳುವುದೂ ಉಂಟು. ಸತ್ತವರ ಹೆಸರನ್ನು ಮತ್ತೆ ಯಾರೂ ಎತ್ತುವುದಿಲ್ಲ, ಅವರು ಬಳಸಿದ ವಸ್ತುಗಳನ್ನೂ ಉಳಿಸುವುದಿಲ್ಲ. ಗುರುತುಗಳು ಉಳಿದಷ್ಟು ಕಾಲ ಸತ್ತವರು ದೂರ ಹೋಗಲಾರರು, ಇರುವವರ ದುಃಖವೂ ತೀರದು ಎಂಬುದು ಅವರ ನಂಬಿಕೆ. ಹೊರಗಿನವರಿಗೆ ಕಠಿಣವೆನಿಸಬಹುದಾದ ಈ ಆಚರಣೆಯಲ್ಲಿ ನನಗೆ ಕಾಣುವುದು ಅಗಲಿದವರ ಮೇಲಿನ ಮಮತೆಯೇ.

ಹೀಗಿರುವಾಗ, 1960ರ ದಶಕದ ಕೊನೆಯಲ್ಲಿ ಅಮೆರಿಕದ ತಳಿವಿಜ್ಞಾನಿ ಜೇಮ್ಸ್ ನೀಲ್ ಅವರ ತಂಡವು ಈ ಜನರಿಂದ ಸಂಗ್ರಹಿಸಿದ ರಕ್ತದ ಮಾದರಿಗಳು ದಶಕಗಳ ಕಾಲ ಅಲ್ಲಿನ ಸಂಸ್ಥೆಗಳ ಶೀತಲಪೆಟ್ಟಿಗೆಗಳಲ್ಲಿ ಉಳಿದುಬಿಟ್ಟವು ಎಂಬ ಸಂಗತಿ ಬಯಲಾದಾಗ ಯಾನೊಮಾಮಿಗಳಿಗಾದ ಆಘಾತವನ್ನು ಊಹಿಸಿಕೊಳ್ಳಬಹುದು. ರಕ್ತ ಕೊಟ್ಟವರಲ್ಲಿ ಎಷ್ಟೋ ಮಂದಿ ಆ ವೇಳೆಗೆ ತೀರಿಕೊಂಡಿದ್ದರು, ಆದರೆ ಅವರ ದೇಹದ ಅಂಶವಿನ್ನೂ ಪರದೇಶದಲ್ಲಿತ್ತು. ಯಾನೊಮಾಮಿಗಳ ಮುಂದಾಳೂ ಶಾಮನ್, ಎಂದರೆ ಆತ್ಮಗಳೊಡನೆ ಸಂಪರ್ಕ ಸಾಧಿಸಬಲ್ಲ ಗುರುವೂ ಆದ ದಾವಿ ಕೊಪೆನಾವಾ ಅವರು ರಕ್ತವನ್ನು ಮರಳಿಸುವಂತೆ ವರ್ಷಗಟ್ಟಲೆ ಒತ್ತಾಯಿಸಿದರು. 2015ರಲ್ಲಿ 2,000ಕ್ಕೂ ಹೆಚ್ಚು ಸೀಸೆಗಳು ಹಿಂದಿರುಗಿದಾಗ, ಶಾಮನ್‌ಗಳ ಸಮ್ಮುಖದಲ್ಲಿ ಆ ರಕ್ತವನ್ನು ಕಾಡಿನ ಮಣ್ಣಿಗೆ ಸೇರಿಸಲಾಯಿತು.

ಚಿನ್ನಕ್ಕಾಗಿ ಅಕ್ರಮವಾಗಿ ನುಗ್ಗಿದ ಗಣಿಗಾರರು ನದಿಗಳಿಗೆ ಪಾದರಸವನ್ನೂ ಊರುಗಳಿಗೆ ಮಲೇರಿಯಾವನ್ನೂ ತಂದರು. 2023ರ ಜನವರಿಯಲ್ಲಿ ಬ್ರೆಜಿಲ್ ಸರ್ಕಾರ ಅಲ್ಲಿ ಆರೋಗ್ಯ ತುರ್ತುಪರಿಸ್ಥಿತಿಯನ್ನೇ ಘೋಷಿಸಬೇಕಾಯಿತು. ಅದಕ್ಕೂ ಮೊದಲು, 2020ರ ಏಪ್ರಿಲ್‌ನಲ್ಲಿ, ಕೋವಿಡ್‌ನಿಂದ ತೀರಿಕೊಂಡ ಯಾನೊಮಾಮಿ ಹುಡುಗನೊಬ್ಬನನ್ನು ಹೆತ್ತವರಿಗೆ ತಿಳಿಸದೆಯೇ ಬೋವಾ ವಿಸ್ತಾ ನಗರದಲ್ಲಿ ಹೂಳಲಾಗಿತ್ತು. ಸೋಂಕಿನ ಭಯ ಆಗ ಎಲ್ಲೆಡೆಯೂ ಇತ್ತು, ನಿಜ. ಆದರೆ ಒಂದು ಮಾತು ಹೇಳಿ ಅವರ ಒಪ್ಪಿಗೆಯನ್ನು ಕೇಳುವುದಕ್ಕೆ ಆ ಭಯ ಅಡ್ಡಿಯಾಗಬೇಕಿರಲಿಲ್ಲ.