ನೀರಿನ ಬಟ್ಟಲು ಬಿಡದ ಹಾವು

ಎಲ್ಲರಿಗೂ ನಮಸ್ಕಾರ.

ನೀವು ಸಾಕಿದ ಹಾವು ಎರಡು ದಿನದಿಂದ ನೀರಿನ ಬಟ್ಟಲು ಬಿಟ್ಟು ಏಳುತ್ತಿಲ್ಲ ಅಂದ್ಕೊಳ್ಳಿ. ಗೂಡಿನಲ್ಲಿ ಬಿಸಿ ಜಾಸ್ತಿಯಾಗಿರಬಹುದು, ಪೊರೆ ಬಿಡುವ ಹೊತ್ತೂ ಇರಬಹುದು. ನಾನಾದರೆ ಮೊದಲು ಆ ನೀರನ್ನು ನೋಡುತ್ತೇನೆ. ತಳದಲ್ಲಿ ಕಾಳುಮೆಣಸಿನ ಪುಡಿ ಉದುರಿದ ಹಾಗೆ ಕರಿ ಚುಕ್ಕೆಗಳಿವೆಯಾ? ಅವು ಮುಳುಗಿ ಸತ್ತ ನುಸಿಗಳು, ನೀವೆಲ್ಲ ಮೈಟ್ ಅನ್ನುವುದು ಅವನ್ನೇ. ಕೆಲವರು ಉಣ್ಣಿ ಅಂತಾರೆ. ಉಣ್ಣಿ ಬೇರೆ. ಅದು ದೊಡ್ಡದು, ಕಚ್ಚಿದರೆ ದಿನಗಟ್ಟಲೆ ಅಲ್ಲೇ ಕೂರುತ್ತದೆ. ನುಸಿ ಓಡಾಡುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೂಡ ಸುಮಾರು 1 ಮಿಲಿಮೀಟರ್ ಅಷ್ಟೇ.

ಹುಡುಕಲು ಒಂದು ಬಿಳಿ ಟಿಶ್ಯೂ ಸಾಕು. ಒದ್ದೆ ಮಾಡಿ ಕತ್ತಿನಿಂದ ಬಾಲದವರೆಗೆ ಮೆಲ್ಲಗೆ ಸವರಿ, ಆಮೇಲೆ ಟಿಶ್ಯೂ ನೋಡಿ. ಕಣ್ಣಿನ ಸುತ್ತಿನ ಅಂಚು, ಗಲ್ಲದ ಕೆಳಗಿನ ಸೀಳು, ಹೆಬ್ಬಾವಾದರೆ ತುಟಿಯ ಮೇಲಿನ ಕುಳಿಗಳು, ಮಲದ್ವಾರದ ಪಕ್ಕ. ಅವಕ್ಕೆ ಇಷ್ಟವಾದ ಜಾಗ ಇವು. ಹುರುಪೆಯ ಮೇಲೆ ಬೂದಿ ಚೆಲ್ಲಿದ ಹಾಗೆ ಬಿಳಿ ಕಣ ಕಂಡರೆ ಅದು ನುಸಿಯ ಹಿಕ್ಕೆ. ಕಣ್ಣಿನ ಹತ್ತಿರ ಚಿಮಟ ಮಾತ್ರ ಹಾಕಬೇಡಿ. ಹಾವಿಗೆ ರೆಪ್ಪೆ ಇಲ್ಲ, ಕಣ್ಣಿನ ಮೇಲಿರುವುದು ಒಂದು ತೆಳು ಪೊರೆ.

ಜನ ಎಡವುವುದು ಇಲ್ಲಿಂದ ಮುಂದೆ. ಹಾವನ್ನು ತೊಳೆದರು, ಮೈ ಸ್ವಚ್ಛವಾಯಿತು, ಖುಷಿ. ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ. ಯಾಕಂದ್ರೆ ಹೆಣ್ಣು ನುಸಿ ಮೊಟ್ಟೆ ಇಡುವುದು ಹಾವಿನ ಮೇಲಲ್ಲ. ರಕ್ತ ಕುಡಿದು ಇಳಿದು, ಗೂಡಿನ ಮೂಲೆ, ಮರದ ತುಂಡಿನ ಬಿರುಕು, ಮುಚ್ಚಳದ ಸಂದಿ ಹುಡುಕಿಕೊಂಡು ಹೋಗುತ್ತದೆ. ಬೆಚ್ಚಗಿದ್ದರೆ ಮೊಟ್ಟೆಯಿಂದ ದೊಡ್ಡ ನುಸಿಯಾಗಲು ಎರಡು ವಾರದಷ್ಟು ಹೊತ್ತು ಸಾಕು. ನಡುವಿನ ಕೆಲವು ಹಂತಗಳಲ್ಲಿ ಅದು ರಕ್ತವನ್ನೇ ಮುಟ್ಟುವುದಿಲ್ಲ, ಅಂದರೆ ಹಾವಿನ ಹತ್ತಿರ ಬರಲೇಬೇಕು ಅಂತಿಲ್ಲ. ಅದಕ್ಕೇ ನಾನು ಹೇಳುವುದು, ಕಾಯಿಲೆ ಗೂಡಿನದು, ಹಾವಿನದಷ್ಟೇ ಅಲ್ಲ.

ಹಾಗಾಗಿ ಹಾಸು ಪೂರ್ತಿ ತೆಗೆದು, ಚೀಲಕ್ಕೆ ಹಾಕಿ ಬಾಯಿ ಕಟ್ಟಿ ಮನೆಯಾಚೆ ಸಾಗಿಸಿ. ಮರದ ತುಂಡುಗಳ ಮೇಲೆ ಮೋಹ ಬೇಡ, ಎಸೆಯಿರಿ. ಗೂಡನ್ನು ಬಿಸಿ ಸೋಪು ನೀರಲ್ಲಿ ಸಂದಿ ಸಂದಿ ಉಜ್ಜಿ, ಬರೀ ಬಿಳಿ ಕಾಗದ ಹಾಸಿ. ನೋಡಲು ಚೆನ್ನಾಗಿರುವುದಿಲ್ಲ, ಆದರೆ ಒಂದು ನುಸಿ ಓಡಿದರೂ ಕಾಣುತ್ತದೆ.

ಅಷ್ಟರಲ್ಲಿ ಹಾವಿಗೆ ಉಗುರು ಬೆಚ್ಚಗಿನ ನೀರು. ಮೈ ಮುಳುಗಬೇಕು, ತಲೆ ಸಲೀಸಾಗಿ ಮೇಲಿರಬೇಕು. ನೀವು ಪಕ್ಕದಲ್ಲೇ ಇರಿ. ನುಸಿಗಳು ನೀರಿಗೆ ಹೆದರಿ ತಲೆಯ ಕಡೆ ಹತ್ತುತ್ತವೆ, ಆಗ ಒದ್ದೆ ಬಟ್ಟೆಯಲ್ಲಿ ಒರೆಸಿ.

ಇನ್ನು ಔಷಧಿ. ನಾಯಿಗೆ ಹಚ್ಚುವ ಉಣ್ಣಿ ಔಷಧಿಯನ್ನು ಅಂದಾಜಿನ ಮೇಲೆ ಹಾವಿಗೆ ಹಚ್ಚಬೇಡಿ. ಪರ್ಮೆಥ್ರಿನ್, ಫಿಪ್ರೋನಿಲ್ ಅನ್ನುವ ಕೀಟನಾಶಕ ಬಳಸುವವರಿದ್ದಾರೆ, ನಿಜ. ಆದರೆ ಎಷ್ಟು, ಹೇಗೆ ಅನ್ನುವುದನ್ನು ಸರೀಸೃಪ ಗೊತ್ತಿರುವ ವೈದ್ಯರು ಹೇಳಬೇಕು. ಮರಿ ಹಾವು, ಸೊರಗಿದ ಹಾವಿಗಂತೂ ನುಸಿಗಿಂತ ಮದ್ದೇ ಮೊದಲು ಯಮನಾಗಬಹುದು. ಗೂಡಿಗೆ ಸಿಂಪಡಿಸುವುದಾದರೆ ಹಾವನ್ನೂ ನೀರಿನ ಬಟ್ಟಲನ್ನೂ ಹೊರಗೆ ಇಟ್ಟು ಸಿಂಪಡಿಸಿ. ಪೂರ್ತಿ ಒಣಗಿ, ವಾಸನೆ ಹೋದ ಮೇಲೇ ಹಾವು ಒಳಗೆ. ಪರ್ಮೆಥ್ರಿನ್ ಬೆಕ್ಕಿಗೂ ಮೀನಿಗೂ ವಿಷ. ನುಸಿಗೆ ಕೊಡುವ ಇನ್ನೊಂದು ಔಷಧಿ ಐವರ್ಮೆಕ್ಟಿನ್ ಆಮೆಗಳನ್ನು ಕೊಲ್ಲುತ್ತದೆ. ಮನೆಯಲ್ಲಿ ಬೇರೆ ಜೀವಗಳಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಹಾವು ಮಂಕಾಗಿದ್ದರೆ, ಬಾಯಿಯ ಒಳಗೆ ಬಿಳಿಚಿಕೊಂಡಿದ್ದರೆ ಮನೆಮದ್ದು ಬಿಡಿ. ರಕ್ತ ಕಡಿಮೆಯಾಗಿರುತ್ತದೆ, ಸೋಂಕೂ ಸೇರಿರಬಹುದು.

ನಿಮ್ಮ ಬಳಿ ನಾಲ್ಕು ಹಾವಿದ್ದರೆ ನುಸಿ ಹತ್ತಿದ್ದನ್ನು ಕೊನೆಗೆ ಮುಟ್ಟಿ, ಆಮೇಲೆ ಬಟ್ಟೆ ಬದಲಾಯಿಸಿ. ಸ್ವಚ್ಛವಾಯಿತು ಅನ್ನಿಸಿದ ಮೇಲೂ ಆರು ವಾರ ಕಾಗದದ ಹಾಸನ್ನೇ ಇಟ್ಟು, ದಿನಾ ಬೆಳಿಗ್ಗೆ ಆ ಬಟ್ಟಲಿನ ತಳ ನೋಡಿ.