ರೈಟ್ ಕ್ಲಿಕ್ ಮಾಡಿದರೆ ಟಾಸ್ಕ್‌ಬಾರ್ ಯಾಕೆ ಮಾಯವಾಗುತ್ತದೆ?

ನಮಸ್ಕಾರ. ಇವತ್ತಿನ ಪ್ರಶ್ನೆ ಕಳಿಸಿದವರು ಶಿವಮೊಗ್ಗ ಎಪಿಎಂಸಿ ಯಾರ್ಡ್‌ನ ಒಂದು ಅಡಕೆ ಮಂಡಿಯಲ್ಲಿ ಲೆಕ್ಕ ನೋಡಿಕೊಳ್ಳುವವರು. ಅಲ್ಲಿ ದಿನವಿಡೀ ಬಿಲ್ಲುಗಳು ಸ್ಕ್ಯಾನ್ ಆಗುತ್ತಿರುತ್ತವೆ. ಪ್ರತಿ ಪಿಡಿಎಫ್ ಅನ್ನೂ ರಾಶಿ, ಬೆಟ್ಟೆ, ಸರಕು, ಗೊರಬಲು ಅಂತ ಅಡಕೆಯ ದರ್ಜೆಗೆ ತಕ್ಕಂತೆ ನಾಲ್ಕು ಫೋಲ್ಡರ್‌ಗಳಿಗೆ ಹಂಚಬೇಕು. ಒಂದೊಂದೇ ಎಳೆದು ಹಾಕುವ ಬದಲು, ರೈಟ್ ಕ್ಲಿಕ್ ಮೆನುವಿನಲ್ಲೇ ಈ ನಾಲ್ಕು ಹೆಸರು ಬರಲಿ ಅಂತ ಇವರು ಸಿ ಪ್ಲಸ್ ಪ್ಲಸ್‌ನಲ್ಲಿ ಒಂದು ಎಕ್ಸ್‌ಟೆನ್ಷನ್, ಅಂದರೆ ವಿಂಡೋಸ್‌ಗೆ ಹೊಸ ಸೌಲಭ್ಯ ಸೇರಿಸುವ ಕೋಡ್, ಬರೆದರು. ಮೆನು ಸರಿಯಾಗಿಯೇ ಬಂತು. ‘ಬೆಟ್ಟೆ’ ಒತ್ತಿದರು ನೋಡಿ, ಟಾಸ್ಕ್‌ಬಾರ್ ಹೋಯಿತು, ಐಕಾನ್‌ಗಳು ಹೋದವು, ತೆರೆದಿದ್ದ ಫೋಲ್ಡರ್‌ಗಳೆಲ್ಲ ಮುಚ್ಚಿಹೋದವು. ಸ್ವಲ್ಪ ಹೊತ್ತಿಗೆ ಟಾಸ್ಕ್‌ಬಾರ್ ತಾನಾಗಿ ವಾಪಸ್ ಬಂತು. ಫೋಲ್ಡರ್‌ಗಳು ಬರಲಿಲ್ಲ.

‘ನಾನು ಬರೆದದ್ದು ಬರೀ ಒಂದು ಮೆನು. ಅದು ಇಡೀ ಡೆಸ್ಕ್‌ಟಾಪ್ ಬೀಳಿಸಿದ್ದು ಹೇಗೆ?’

ತುಂಬಾ ಒಳ್ಳೆಯ ಪ್ರಶ್ನೆ ಇದು.

[ಸ್ಕ್ರೀನ್: ಟಾಸ್ಕ್ ಮ್ಯಾನೇಜರ್, ವಿಂಡೋಸ್ ಎಕ್ಸ್‌ಪ್ಲೋರರ್ ಸಾಲಿನ ಮೇಲೆ ಗುರುತು]

ಬೇಸಿಕ್ಸ್ ಬೇಗ ಮುಗಿಸೋಣ. ನಾವು ಫೋಲ್ಡರ್ ನೋಡುವ ಎಕ್ಸ್‌ಪ್ಲೋರರ್, ಕೆಳಗಿನ ಟಾಸ್ಕ್‌ಬಾರ್, ಡೆಸ್ಕ್‌ಟಾಪ್‌ನ ಐಕಾನ್‌ಗಳು, ಇವೆಲ್ಲ ಸಾಮಾನ್ಯವಾಗಿ ಒಂದೇ ಪ್ರೋಗ್ರಾಂ. 1995ರ ವಿಂಡೋಸ್ 95ರಿಂದ ಹೀಗೇ ನಡೆದುಕೊಂಡು ಬಂದಿದೆ. ನೀವು ಬರೆಯುವ ಮೆನು ಎಕ್ಸ್‌ಟೆನ್ಷನ್ ಒಂದು ಡಿಎಲ್‌ಎಲ್, ಅಂದರೆ ಬೇರೆ ಪ್ರೋಗ್ರಾಂ ಒಳಗೆ ಸೇರಿಕೊಂಡು ಓಡುವ ಕೋಡ್‌ನ ಫೈಲ್. ಅದಕ್ಕೆ ತನ್ನದೇ ಪ್ರೋಸೆಸ್ ಇಲ್ಲ, ಅಂದರೆ ಅದು ಸ್ವಂತವಾಗಿ ಬೇರೆ ಓಡುವುದಿಲ್ಲ. ಎಕ್ಸ್‌ಪ್ಲೋರರ್ ಅದನ್ನು ತನ್ನೊಳಗೇ ಲೋಡ್ ಮಾಡಿಕೊಳ್ಳುತ್ತದೆ.

ಇದನ್ನು ನಮ್ಮ ಕಡೆಯವರಿಗೆ ಹೇಳುವುದು ಸುಲಭ. ಅಡಕೆ ಬೇಯಿಸುವ ಒಲೆಯನ್ನು ಯಾರಾದರೂ ಜಗಲಿ ಮೇಲೆ ಹೂಡುತ್ತಾರಾ? ಮನೆಯಿಂದ ದೂರ, ಅಂಗಳದ ಆಚೆ ಹೂಡುತ್ತಾರೆ. ಹಂಡೆ ಉಕ್ಕಲಿ, ಬೆಂಕಿ ಜಾಸ್ತಿಯಾಗಲಿ, ಮನೆಗೆ ಏನೂ ಆಗಬಾರದು. ಡಿಎಲ್‌ಎಲ್ ಬರೆಯುವುದು ಅಂದರೆ ಒಲೆಯನ್ನು ಜಗಲಿ ಮೇಲೇ ಹೂಡಿದ ಹಾಗೆ. ನಿಮ್ಮ ಕೋಡ್‌ನಲ್ಲಿ ಒಂದು ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ ಹಿಡಿದಿಡುವ ವಸ್ತು, ಖಾಲಿ ಇದ್ದು ಅದನ್ನೇ ಬಳಸಿದರೆ ಸಾಕು, ಬೀಳುವುದು ನಿಮ್ಮ ಮೆನು ಮಾತ್ರ ಅಲ್ಲ, ಅದು ಕೂತಿದ್ದ ಇಡೀ ಮನೆ. ಟಾಸ್ಕ್‌ಬಾರ್ ವಾಪಸ್ ಬಂದದ್ದು ವಿಂಡೋಸ್ ಎಕ್ಸ್‌ಪ್ಲೋರರನ್ನು ಮತ್ತೆ ಶುರು ಮಾಡಿದ್ದರಿಂದ.

ಹಾಗಾದರೆ ಒಲೆಯನ್ನು ಅಂಗಳದ ಆಚೆ ಹೂಡುವ ದಾರಿ ಇದೆಯಾ? ಇದೆ. ಈ ಮಂಡಿಯ ಕೆಲಸಕ್ಕೆ ಡಿಎಲ್‌ಎಲ್ ಬೇಕಾಗಿಯೇ ಇರಲಿಲ್ಲ.

[ಸ್ಕ್ರೀನ್: ರಿಜಿಸ್ಟ್ರಿ ಎಡಿಟರ್]

ನೋಡಿ, ಇದು ರಿಜಿಸ್ಟ್ರಿ, ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ. ಇಲ್ಲಿನ ಫೋಲ್ಡರ್‌ಗಳಿಗೆ ಕೀ ಅನ್ನುತ್ತಾರೆ, ಅದರೊಳಗಿನ ಒಂದೊಂದು ಸೆಟ್ಟಿಂಗ್‌ಗೆ ವ್ಯಾಲ್ಯೂ. ಕರೆಂಟ್ ಯೂಸರ್, ಸಾಫ್ಟ್‌ವೇರ್, ಕ್ಲಾಸಸ್, ಸಿಸ್ಟಮ್ ಫೈಲ್ ಅಸೋಸಿಯೇಷನ್ಸ್, ಅದರೊಳಗೆ ಡಾಟ್ ಪಿಡಿಎಫ್, ಅದರೊಳಗೆ ಶೆಲ್. ಇಲ್ಲಿ ಹೊಸ ಕೀ ಒಂದನ್ನು ಮಾಡಿ. ಎಂಯುಐ ವರ್ಬ್ ಅನ್ನುವ ವ್ಯಾಲ್ಯೂನಲ್ಲಿ ‘ಬಿಲ್ ಹಂಚು’ ಅಂತ ಕನ್ನಡದಲ್ಲೇ ಬರೆಯಿರಿ, ಮೆನುವಿನಲ್ಲಿ ಹಾಗೇ ಕಾಣಿಸುತ್ತದೆ. ಸಬ್ ಕಮಾಂಡ್ಸ್ ಅನ್ನುವ ವ್ಯಾಲ್ಯೂ ಸೇರಿಸಿ ಖಾಲಿ ಬಿಡಿ. ಒಳಗೆ ಇನ್ನೊಂದು ಶೆಲ್ ಕೀ, ಅದರೊಳಗೆ ನಾಲ್ಕು ಕೀ, ಪ್ರತಿಯೊಂದಕ್ಕೂ ಒಂದು ಕಮಾಂಡ್ ಕೀ. ಫೈಲ್ ಅನ್ನು ಎತ್ತಿ ಆಯಾ ಫೋಲ್ಡರ್‌ಗೆ ಹಾಕುವ ಪುಟ್ಟ ಪ್ರೋಗ್ರಾಂನ ವಿಳಾಸವನ್ನು ಆ ಕಮಾಂಡ್‌ನಲ್ಲಿ ಕೊಡಿ. ಕೊನೆಗೆ ಪರ್ಸೆಂಟ್ ಚಿಹ್ನೆ ಮತ್ತು 1 ಅಂಕಿ (%1), ಆರಿಸಿದ ಫೈಲ್ ಹೆಸರು ಬಂದು ಕೂರುವುದು ಅಲ್ಲೇ. ಅದರ ಎರಡೂ ಕಡೆ ಉದ್ಧರಣ ಚಿಹ್ನೆ. ಆ ಚಿಹ್ನೆ ಮರೆಯಬೇಡಿ. ಇಲ್ಲದಿದ್ದರೆ ‘ತೀರ್ಥಹಳ್ಳಿ ರಾಶಿ’ ಅಂತ ನಡುವೆ ಜಾಗ ಇರುವ ಫೈಲ್ ಹೆಸರು ಎರಡು ತುಂಡಾಗಿ ಹೋಗುತ್ತದೆ.

ಈಗ ‘ಬೆಟ್ಟೆ’ ಒತ್ತಿದರೆ ಓಡುವುದು ಬೇರೆಯೇ ಪ್ರೋಸೆಸ್. ಅದು ಕ್ರ್ಯಾಶ್ ಆದರೂ ಎಕ್ಸ್‌ಪ್ಲೋರರ್‌ಗೆ ಏನೂ ಆಗುವುದಿಲ್ಲ.

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ವಿಷಯ ಇದೆ. 15 ಬಿಲ್ ಸೆಲೆಕ್ಟ್ ಮಾಡಿ ರೈಟ್ ಕ್ಲಿಕ್ ಮಾಡಿ. ಮೆನು ಬರುತ್ತದೆ. ಇನ್ನೊಂದು ಸೇರಿಸಿ, 16 ಮಾಡಿ. ನಿಮ್ಮ ಮೆನು ಇಲ್ಲ!

[ಸ್ಕ್ರೀನ್: 15 ಫೈಲ್, ಮೆನು ಇದೆ. 16 ಫೈಲ್, ಮೆನು ಇಲ್ಲ. ಎರಡು ಸಲ ತೋರಿಸಿ]

ಎಲ್ಲೂ ಎರರ್ ಇಲ್ಲ, ಒಂದು ಸೂಚನೆಯೂ ಇಲ್ಲ. ಗೊತ್ತಿಲ್ಲದವರು ರಿಜಿಸ್ಟ್ರಿಯನ್ನೆಲ್ಲ ಮತ್ತೆ ಮತ್ತೆ ಬರೆದು ಸುಸ್ತಾಗುತ್ತಾರೆ. ಕಾರಣ ಕೇಳಿದರೆ ನ್ಯಾಯವಾಗಿಯೇ ಇದೆ. ಈ ಬಗೆಯ ಮೆನುವಿನಲ್ಲಿ ಪ್ರತಿ ಫೈಲ್‌ಗೂ ನಿಮ್ಮ ಪ್ರೋಗ್ರಾಂ ಬೇರೆ ಬೇರೆಯಾಗಿ ಶುರುವಾಗುತ್ತದೆ. 12 ಬಿಲ್‌ಗೆ 12 ಸಲ. ಯಾರೋ ಕೈತಪ್ಪಿ 500 ಫೈಲ್ ಸೆಲೆಕ್ಟ್ ಮಾಡಿ ಒತ್ತಿದರೆ ಕಂಪ್ಯೂಟರ್ ಗತಿ ಏನು? ಅದಕ್ಕೇ ಸಾಮಾನ್ಯ ಮಿತಿ 15. ಮಲ್ಟಿ ಸೆಲೆಕ್ಟ್ ಮಾಡೆಲ್ ಅನ್ನುವ ವ್ಯಾಲ್ಯೂನಲ್ಲಿ ಪ್ಲೇಯರ್ ಅಂತ ಬರೆದರೆ ಮಿತಿ 100ಕ್ಕೆ ಏರುತ್ತದೆ. ಮೆನುವಿನ ಕೀಯಲ್ಲೂ ಒಳಗಿನ ನಾಲ್ಕು ಕೀಗಳಲ್ಲೂ ಬರೆಯಿರಿ. ಮಂಡಿಯ ಕೆಲಸಕ್ಕೆ ಅಷ್ಟು ಧಾರಾಳ ಸಾಕು ಅನ್ನಿಸುತ್ತದೆ ನನಗೆ.

ಡಿಎಲ್‌ಎಲ್ ಬೇಕಾಗುವ ಕೆಲಸಗಳೂ ಇವೆ. ಆರಿಸಿದ ಫೈಲ್‌ಗಳೆಲ್ಲ ಒಟ್ಟಿಗೆ ಒಂದೇ ಸಲ ಸಿಗಬೇಕು, ಅಥವಾ ಫೈಲ್ ನೋಡಿ ಮೆನುವಿನ ಹೆಸರೇ ಬದಲಾಗಬೇಕು ಅಂದರೆ ಸಾಮಾನ್ಯವಾಗಿ ಒಳಗೇ ಹೋಗಬೇಕಾಗುತ್ತದೆ. ಹೋದ ಮೇಲೆ ಡೀಬಗ್ ಮಾಡುವುದು, ಅಂದರೆ ಕೋಡ್‌ನ ತಪ್ಪು ಹುಡುಕಿ ತಿದ್ದುವುದು ಹೇಗೆ?

ಮೊದಲ ತಲೆನೋವು, ಕೋಡ್ ತಿದ್ದಿ ಬಿಲ್ಡ್ ಮಾಡಿದರೆ ‘ಫೈಲ್ ಬರೆಯಲು ಆಗುತ್ತಿಲ್ಲ’ ಅನ್ನುತ್ತದೆ. ಹಳೆಯ ಡಿಎಲ್‌ಎಲ್ ಎಕ್ಸ್‌ಪ್ಲೋರರ್ ಕೈಯಲ್ಲೇ ಇರುತ್ತದೆ, ಅಲ್ವಾ? ಟಾಸ್ಕ್ ಮ್ಯಾನೇಜರ್‌ನಲ್ಲಿ ಎಕ್ಸ್‌ಪ್ಲೋರರ್ ನಿಲ್ಲಿಸಿ, ಬಿಲ್ಡ್ ಮಾಡಿ, ಮತ್ತೆ ಶುರು ಮಾಡಿ.

ಎರಡನೆಯದು ಇನ್ನೂ ಕಿರಿಕಿರಿ. ಕೋಡ್ ಬರೆಯುವ ವಿಷುವಲ್ ಸ್ಟುಡಿಯೋದ ಡೀಬಗರನ್ನು ಎಕ್ಸ್‌ಪ್ಲೋರರ್‌ಗೆ ಅಟ್ಯಾಚ್ ಮಾಡಿ, ಕೋಡ್ ಒಂದು ಸಾಲಿನಲ್ಲಿ ನಿಲ್ಲಲಿ ಅಂತ ಬ್ರೇಕ್‌ಪಾಯಿಂಟ್ ಇಟ್ಟರೆ, ಎಕ್ಸ್‌ಪ್ಲೋರರ್ ನಿಂತಾಗ ಟಾಸ್ಕ್‌ಬಾರ್ ಕೂಡ ನಿಂತುಬಿಡುತ್ತದೆ. ಇದಕ್ಕೆ ಒಂದು ಚೆಂದದ ಉಪಾಯ ಇದೆ. ನೋಟ್‌ಪ್ಯಾಡ್ ತೆರೆಯಿರಿ, ಫೈಲ್, ಓಪನ್. ಬಂದ ಕಿಟಕಿಯಲ್ಲಿ ಒಂದು ಬಿಲ್ ಮೇಲೆ ರೈಟ್ ಕ್ಲಿಕ್ ಮಾಡಿ. ಅಲ್ಲಿ ಪಿಡಿಎಫ್ ಕಾಣದಿದ್ದರೆ ‘ಎಲ್ಲ ಫೈಲ್‌ಗಳು’ ಅಂತ ಆರಿಸಿ.

[ಸ್ಕ್ರೀನ್: ನೋಟ್‌ಪ್ಯಾಡ್‌ನ ಓಪನ್ ಕಿಟಕಿಯಲ್ಲಿ ಅದೇ ಮೆನು]

ನೋಡಿದಿರಾ, ಅದೇ ಮೆನು! ಅಂದರೆ ನಿಮ್ಮ ಡಿಎಲ್‌ಎಲ್ ಈಗ ನೋಟ್‌ಪ್ಯಾಡ್ ಒಳಗೆ ಲೋಡ್ ಆಗಿದೆ. ಡೀಬಗರನ್ನು ನೋಟ್‌ಪ್ಯಾಡ್‌ಗೆ ಅಟ್ಯಾಚ್ ಮಾಡಿ. ನಿಂತರೂ ಬಿದ್ದರೂ ನೋಟ್‌ಪ್ಯಾಡ್ ಒಂದೇ. ಇದರ ಇನ್ನೊಂದು ಮುಖವನ್ನೂ ಯೋಚಿಸಿ. ನಿಮ್ಮ ಕೋಡ್ ಕೆಟ್ಟಿದ್ದರೆ, ಫೈಲ್ ಓಪನ್ ಮಾಡುವ ಯಾರದೋ ಪ್ರೋಗ್ರಾಂ ಕೂಡ ಬೀಳಬಹುದು. ಬೈಗುಳ ತಿನ್ನುವುದು ಆ ಪ್ರೋಗ್ರಾಂ ಬರೆದವರು. ಅದಕ್ಕೇ ಈ ಕೆಲಸವನ್ನು ಸುಮ್ನೆ ಬರೆದು ಬಿಡುವಂತಿಲ್ಲ.

ಸಮಯ ಆಗುತ್ತಾ ಬಂತು, ಉಳಿದದ್ದು ಬೇಗ ಬೇಗ ಹೇಳುತ್ತೇನೆ. ಮೆನು ಬರುತ್ತಲೇ ಇಲ್ಲವಾ? 64 ಬಿಟ್ ವಿಂಡೋಸ್‌ನ ಎಕ್ಸ್‌ಪ್ಲೋರರ್ 32 ಬಿಟ್ ಡಿಎಲ್‌ಎಲ್ ಅನ್ನು ಲೋಡ್ ಮಾಡುವುದಿಲ್ಲ, ಮೊದಲು ಅದನ್ನೇ ನೋಡಿ. ಮೆನು ತಡವಾಗಿ ಬಂದರೆ, ಮೆನು ಕಟ್ಟುವ ಹೊತ್ತಿನಲ್ಲಿ ನಿಮ್ಮ ಕೋಡ್ ನೆಟ್‌ವರ್ಕ್ ಡ್ರೈವ್ ಹುಡುಕುತ್ತಿದೆಯಾ ನೋಡಿ. ಆ ಕೆಲಸ ಕ್ಲಿಕ್ ಆದ ಮೇಲಿರಲಿ. ಕ್ರ್ಯಾಶ್ ಯಾರಿಂದ ಆಯಿತು ಗೊತ್ತಾಗದಿದ್ದರೆ ಇವೆಂಟ್ ವ್ಯೂವರ್‌ನ ಅಪ್ಲಿಕೇಷನ್ ಲಾಗ್ ತೆಗೆದು, 1000 ಸಂಖ್ಯೆಯ ಎರರ್‌ನಲ್ಲಿ ‘ಫಾಲ್ಟಿಂಗ್ ಮಾಡ್ಯೂಲ್ ನೇಮ್’ ಅನ್ನುವ ಸಾಲು ಓದಿ. ಎಷ್ಟೋ ಸಲ ತಪ್ಪು ಮಾಡಿದ ಡಿಎಲ್‌ಎಲ್ ಹೆಸರು ಅಲ್ಲೇ ಇರುತ್ತದೆ. ಬೇರೆಯವರ ಎಕ್ಸ್‌ಟೆನ್ಷನ್ ಮೇಲೆ ಅನುಮಾನ ಇದ್ದರೆ ಶೆಲ್‌ಎಕ್ಸ್‌ವ್ಯೂ ಅನ್ನುವ ಉಚಿತ ಟೂಲ್‌ನಲ್ಲಿ ಒಂದೊಂದೇ ಆಫ್ ಮಾಡಿ ನೋಡಬಹುದು.

ವಿಂಡೋಸ್ 11 ಬಳಸುವವರಿಗೆ ಒಂದು ಮಾತು. 2021ರಲ್ಲಿ ಅದರ ಜೊತೆ ಹೊಸ ಮೆನು ಬಂತು. ನಾವು ಈಗ ಮಾಡಿದ್ದೆಲ್ಲ ‘ಶೋ ಮೋರ್ ಆಪ್ಷನ್ಸ್’ ಒಳಗೆ ಸಿಗುತ್ತದೆ, ಶಿಫ್ಟ್ ಎಫ್ 10 ಒತ್ತಿದರೆ ನೇರವಾಗಿ ಬರುತ್ತದೆ. ಹೊಸ ಮೆನುವಿನಲ್ಲೇ ಬೇಕು ಅಂದರೆ ಐ ಎಕ್ಸ್‌ಪ್ಲೋರರ್ ಕಮಾಂಡ್ ಅನ್ನುವ ಇಂಟರ್‌ಫೇಸ್ ಬರೆಯಬೇಕು, ಆ್ಯಪ್‌ಗೆ ಪ್ಯಾಕೇಜ್ ಗುರುತೂ ಇರಬೇಕು. ಅದು ಬೇರೆಯೇ ವಿಡಿಯೋ ಆಗುವಷ್ಟಿದೆ.

ಮಂಡಿಯ ನಾಲ್ಕು ಮೆನುಗಳ ರಿಜಿಸ್ಟ್ರಿ ಫೈಲ್ ಡಿಸ್ಕ್ರಿಪ್ಷನ್‌ನಲ್ಲಿದೆ. ಫೋಲ್ಡರ್ ವಿಳಾಸ ನಿಮ್ಮದಕ್ಕೆ ಬದಲಿಸಿಕೊಳ್ಳಿ. ಆ ಫೈಲ್ ಒತ್ತುವ ಮೊದಲು ಕ್ಲಾಸಸ್ ಕೀಯನ್ನು ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಇಟ್ಟುಕೊಳ್ಳಿ.